ಮೈಮೇಲೆ ಬಂದ ಆತ್ಮವಿಶ್ವಾಸ

ಮನುಷ್ಯನಿಗೆ ಆತ್ಮವಿಶ್ವಾಸ ಇಲ್ಲದಿದ್ದರೆ ಬಹಳ ಕಷ್ಟ ಎಂದು ಎಲ್ಲರೂ ಹೇಳುತ್ತಾರೆ. ಇದ್ದರೆ ಏನೇನು ಕಷ್ಟ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಈ ನ್ಯಾಮತಿಯಲ್ಲಿ ಅದನ್ನು ಸ್ವಂತ ಅನುಭವದಿಂದ ಹೇಳಬಲ್ಲವನು ನಾನೊಬ್ಬನೇ. (ಹೊನ್ನಾಳಿಯಲ್ಲಿ ಇನ್ನೊಬ್ಬರಿದ್ದರೆ ಗೊತ್ತಿಲ್ಲ. ಅದು ತಾಲ್ಲೂಕು ಕೇಂದ್ರ, ಅಲ್ಲಿ ಎಲ್ಲ ಥರದವರೂ ಇರುತ್ತಾರೆ.)

ನಾನು ಓಂಕಾರಪ್ಪ, ಇಲ್ಲಿ ಗೊಬ್ಬರ-ಬೀಜ ಮಾರುವ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ‘ಗುಮಾಸ್ತರೇ ಸಂಘದ ಬೆನ್ನೆಲುಬು’ ಎಂದು ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಭಾಷಣವಾಗುತ್ತದೆ. ಬೆನ್ನೆಲುಬಿನ ಕೆಲಸ ಬಗ್ಗುವುದು. ಅದನ್ನು ನಾನು ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದೆ. ಅಧ್ಯಕ್ಷ ಕಲ್ಲೇಶಪ್ಪನವರು ಪಕ್ಕದ ಕೋಣೆಯಲ್ಲಿ ಕೆಮ್ಮಿದರೆ ನಾನು ಈ ಕೋಣೆಯಲ್ಲಿ ಎದ್ದು ನಿಲ್ಲುತ್ತಿದ್ದೆ. ಅವರು ಏನಾದರೂ ಕೇಳಿದರೆ ಉತ್ತರ ನನ್ನ ಹೊಟ್ಟೆಯಿಂದ ಹೊರಟು ಗಂಟಲವರೆಗೆ ಬಂದು, ಅಲ್ಲಿಂದ ಅವರ ಮೀಸೆಯನ್ನು ನೋಡಿ ವಾಪಸ್ಸು ಹೋಗುತ್ತಿತ್ತು.

ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ನಮ್ಮ ಮ್ಯಾನೇಜರು ಚಿಕ್ಕಹನುಮಂತಪ್ಪನವರು ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇದ್ದವರು ಇಬ್ಬರೇ, ನಾನು ಮತ್ತು ಗಾದ್ರಪ್ಪ. ಗಾದ್ರಪ್ಪ ನನಗಿಂತ ವಯಸ್ಸಿನಲ್ಲಿ ಚಿಕ್ಕವನು, ಅಂಜಿಕೆಯಲ್ಲಿ ದೊಡ್ಡವನು. ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಬಂದವನು. (ಊರು ಸೊಕ್ಕೆಯಾದರೂ ಆಸಾಮಿಗೆ ಸೊಕ್ಕಿನ ಸುಳಿವೂ ಇರಲಿಲ್ಲ.) ನಮ್ಮಿಬ್ಬರಲ್ಲಿ ಯಾರು ಎಂಬುದನ್ನು ಆಡಳಿತ ಮಂಡಳಿಯವರು ಎದುರಿಗೆ ಕರೆದು, ನಾಲ್ಕು ಪ್ರಶ್ನೆ ಕೇಳಿ ತೀರ್ಮಾನಿಸುವುದೆಂದು ಗೊತ್ತಾಗಿತ್ತು.

ನಿಜ ಹೇಳಬೇಕೆಂದರೆ, ನಾನು ಮ್ಯಾನೇಜರ್ ಆಗಬೇಕೆಂಬ ಆಸೆ ನನಗಿಂತ ನನ್ನ ಹೆಂಡತಿ ಉಡಚಮ್ಮನಿಗೆ ಹೆಚ್ಚು. ಮ್ಯಾನೇಜರಿಗೆ ಸಂಘದ ಹಿಂದುಗಡೆ ಒಂದು ಹೆಂಚಿನ ಮನೆ ಇದೆ, ಆ ಮನೆಯ ಅಂಗಳದಲ್ಲಿ ಒಂದು ನಲ್ಲಿ ಇದೆ. ನಮ್ಮ ಬೀದಿಗೆಲ್ಲ ಇರುವುದು ಮೂಲೆಯ ಒಂದು ಬೋರ್‌ವೆಲ್ಲು. ಉಡಚಮ್ಮ ತಲೆಯ ಮೇಲೊಂದು, ಸೊಂಟದ ಮೇಲೊಂದು ಕೊಡ ಹೊತ್ತು ಹೊತ್ತು, ಅವಳ ಸೊಂಟ ಒಂದು ಕಡೆ ವಾಲಿಕೊಂಡುಬಿಟ್ಟಿತ್ತು. ರಾತ್ರಿ ಅವಳು ಸೊಂಟಕ್ಕೆ ಬಿಸಿ ಇಟ್ಟಿಗೆಯ ಶಾಖ ಕೊಟ್ಟುಕೊಳ್ಳುವುದನ್ನು ನೋಡಿದಾಗ ನಾಳೆ ಅಧ್ಯಕ್ಷರನ್ನು ಕೇಳಿಯೇಬಿಡಬೇಕು ಎಂದುಕೊಳ್ಳುತ್ತಿದ್ದೆ.

"ರೀ, ಕಲ್ಲೇಶಪ್ಪನೋರು ಏನು ಹುಲಿನಾ, ಕರಡಿನಾ? ಹೋಗಿ ಬಾಯಿಬಿಟ್ಟು ಕೇಳಾಕೆ ಏನು ದಾಡಿ ನಿಮಗೆ?"

"ಕೇಳ್ತೀನಿ ಕಣೇ, ಸಮಯ ನೋಡಿ ಕೇಳ್ತೀನಿ."

"ಸಮಯ ನೋಡ್ಕಂತ ಕುಂತ್ರೆ ಗಾದ್ರಪ್ಪನ ಹೆಂಡ್ತಿ ಬಂದು ಆ ನಲ್ಲಿ ತಿರುಗಿಸ್ತಾಳೆ."

"ಗಾದ್ರಪ್ಪಗೆ ಇನ್ನೂ ಮದುವೆನೇ ಆಗಿಲ್ಲಲ್ಲೇ."

"ಮನ್ಯಾಗೆ ನಲ್ಲಿ ಐತೆ ಅಂದ್ರೆ ಹೆಣ್ಣು ಕೊಡೋರು ಸಾಲು ನಿಲ್ತಾರೆ ಬಿಡ್ರಿ."

ಇಂಥ ಪರಿಸ್ಥಿತಿಯಲ್ಲಿ ನನ್ನನ್ನು ಶಿವಮೊಗ್ಗದಲ್ಲಿ ನಡೆದ ಗುಮಾಸ್ತರ ತರಬೇತಿ ಶಿಬಿರಕ್ಕೆ ಕಳಿಸಿದರು. ಅಲ್ಲಿ ಸಫಾರಿ ಸೂಟು ತೊಟ್ಟ ಒಬ್ಬ ಮಹನೀಯರು ‘ಸ್ವಯಂಶಿಸ್ತು ಮತ್ತು ವಿಜಯ’ ಎಂಬ ವಿಷಯದ ಮೇಲೆ ಮೇಜು ಗುದ್ದಿ ಗುದ್ದಿ ಮಾತನಾಡಿದರು. "ಬೆಳಗಿನ ಜಾವ ಎದ್ದು ತಣ್ಣೀರಿನಲ್ಲಿ ಮೀಯಿರಿ! ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣನ್ನು ನೀವೇ ದಿಟ್ಟಿಸಿ ಘೋಷಿಸಿ: ನಾನು ಶಕ್ತಿ! ನನಗೆ ಅಸಾಧ್ಯವೆಂಬುದಿಲ್ಲ! ಆ ಹೊತ್ತಿನಲ್ಲಿ ಆಕಾಶವೇ ಕಳಚಿ ಬಿದ್ದರೂ ಘೋಷಣೆ ನಿಲ್ಲಿಸಬೇಡಿ! ಎಲ್ಲಕ್ಕಿಂತ ಮೊದಲು ನಾಲಿಗೆಯ ಚಾಪಲ್ಯ ಬಿಡಿ, ನಾಲಿಗೆಯನ್ನು ಗೆದ್ದವನು ನಾಡನ್ನೇ ಗೆಲ್ಲುತ್ತಾನೆ!" ಆಮೇಲೆ ಅವರು ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕುಳಿತು ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರು. (ಗೆದ್ದವರಿಗೆ ರಿಯಾಯಿತಿ ಇರುತ್ತದೆಂದು ಕಾಣುತ್ತದೆ.)

ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಸ್ಸುಗಳ ಬೆನ್ನ ಮೇಲೆಲ್ಲ ಶಿಸ್ತಿನ ಘೋಷಣೆ ಬರೆಸಿದ್ದರು. ಆಗ ಬಸ್ಸಿಗೂ ಶಿಸ್ತು ಬರಲಿಲ್ಲ, ನನಗೂ ಬರಲಿಲ್ಲ. ಆದರೆ ಶಿವಮೊಗ್ಗದಿಂದ ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕುಳಿತು ನಾನು ಘೋರ ಪ್ರತಿಜ್ಞೆ ಮಾಡಿದೆ. ನಾಳೆಯಿಂದ ತಣ್ಣೀರು, ನಾಳೆಯಿಂದ ಕನ್ನಡಿ. ಅದಕ್ಕಿಂತ ಘೋರವಾದದ್ದೆಂದರೆ, ಪ್ರತಿ ಸಂಜೆ ಬೋರಣ್ಣನ ಹೋಟೆಲಿನಲ್ಲಿ ತಿನ್ನುವ ಮಂಡಕ್ಕಿ-ಮೆಣಸಿನಕಾಯಿಯೂ ನಾಳೆಯಿಂದ ಬಂದ್.

ಮರುದಿನ ಬೆಳಗ್ಗೆ ಅಡಿಗೆಮನೆಯ ಗೋಡೆಗೆ ತೂಗುಹಾಕಿದ್ದ ಕನ್ನಡಿಯ ಮುಂದೆ ನಿಂತು "ನಾನು ಶಕ್ತಿ!" ಎಂದು ಗರ್ಜಿಸಿದೆ. ರೊಟ್ಟಿ ತಟ್ಟುತ್ತಿದ್ದ ಉಡಚಮ್ಮ ಬೆಚ್ಚಿಬಿದ್ದಳು, ಹೆಂಚಿಗೆ ಹಾಕಬೇಕಾದ ರೊಟ್ಟಿ ಒಲೆಗೆ ಬಿತ್ತು.

"ಯಾರಿಗ್ರೀ ಹಂಗೆ ಬೈತಿರೋದು, ಬೆಳಬೆಳಗ್ಗೆ?"

"ಬೈತಿಲ್ಲ. ಘೋಷಿಸ್ತಿದೀನಿ."

"ಘೋಷಿಸೋದಿದ್ರೆ ಹಿತ್ತಲಾಗೆ ಹೋಗಿ ಘೋಷಿಸ್ರಿ. ಇಲ್ಲಿ ರೊಟ್ಟಿ ಸುಡಾಕೆ ನಾನೊಬ್ಬಳು ಸಾಕು, ಶಕ್ತಿ ಏನೂ ಬ್ಯಾಡ."

ಹೀಗೆ ನನ್ನ ಸಾಧನೆ ಹಿತ್ತಲಿಗೆ ವರ್ಗವಾಯಿತು. ಅಲ್ಲೊಂದು ಬೇವಿನ ಮರವಿದೆ. ಅದರ ಕಾಂಡಕ್ಕೆ ಒಂದು ಮೊಳೆ ಹೊಡೆದು ಅಂಗೈಯಗಲದ ಕನ್ನಡಿಯನ್ನು ನೇತುಹಾಕಿದೆ. ಕನ್ನಡಿ ಇದ್ದದ್ದು ನಮ್ಮ ಮನೆಯ ಕಡೆಗೆ. ಮರದ ಆಚೆಗೆ ಒಂದು ಮೋಟುಗೋಡೆ, ಗೋಡೆಯ ಆಚೆಗೆ ಗಿಡ್ಡಮ್ಮನ ಮನೆ. ಗಿಡ್ಡಮ್ಮ ಎಮ್ಮೆ ಸಾಕಿ ಹಾಲು ಮಾರುವ ಹೆಂಗಸು, ಬಾಯಿ ಒಳ್ಳೆಯದು, ದೊಡ್ಡದೂ ಹೌದು. ಅವಳು ಗೋಡೆಯ ಮೇಲಿಂದ ಇಣುಕಿದರೆ ಕಾಣುವುದು ಬೇವಿನ ಮರ ಮತ್ತು ನಾನು, ಕನ್ನಡಿಯಲ್ಲ. ಈ ಸಣ್ಣ ಸಂಗತಿಯನ್ನು ನಾನು ಆಗ ಗಮನಿಸಲಿಲ್ಲ.

ತಣ್ಣೀರು ನಡೆಯಿತು, ಘೋಷಣೆಯೂ ನಡೆಯಿತು. ನಾಲಿಗೆಯ ವಿಷಯದಲ್ಲಿ ಮಾತ್ರ ವಾರ ತುಂಬುವ ಮೊದಲೇ ಸ್ವಲ್ಪ ಏರುಪೇರಾಯಿತು. ಶತ್ರುವನ್ನು ಗೆಲ್ಲಬೇಕಾದರೆ ಮೊದಲು ಅವನ ಬಲಾಬಲ ಅರಿಯಬೇಕಲ್ಲ ಎಂದು ಬೋರಣ್ಣನ ಹೋಟೆಲಿಗೆ ಹೋಗಿ ಎರಡು ಪ್ಲೇಟು ಅರಿತುಕೊಂಡು ಬಂದೆ. ಶತ್ರು ಬಲಿಷ್ಠನಾಗಿದ್ದ. ಮರುದಿನವೂ ಹೋದೆ.

ಒಂದು ಮಂಗಳವಾರ ಬೆಳಗ್ಗೆ ಏನಾಯಿತೆಂದರೆ, ನಾನು ಎಂದಿನಂತೆ ತಣ್ಣೀರು ಹೊಯ್ದುಕೊಂಡು, ಒದ್ದೆ ಪಂಚೆ ಸುತ್ತಿ, ಹಣೆಗೆ ವಿಭೂತಿ ಹಚ್ಚಿ ಮರದ ಮುಂದೆ ನಿಂತಿದ್ದೆ. ಕೂದಲಿನಿಂದ ನೀರು ಸುರಿಯುತ್ತಿತ್ತು. ಚಳಿಗೆ ಮೈ ಗಡಗಡ ನಡುಗುತ್ತಿತ್ತು. ರೆಪ್ಪೆ ಮಿಟುಕಿಸದೆ ದಿಟ್ಟಿಸಿ ದಿಟ್ಟಿಸಿ ಕಣ್ಣು ಕೆಂಪಾಗಿತ್ತು. ಆ ಸ್ಥಿತಿಯಲ್ಲಿ ಕೈಯೆತ್ತಿ, "ನಾನು ಶಕ್ತಿ! ಕೇಳು, ಏನು ಬೇಕೋ ಕೇಳು! ಕಳೆದುಕೊಂಡದ್ದೆಲ್ಲ ಮರಳಿ ಬರುತ್ತದೆ!" ಎಂದು ಕೂಗಿದೆ. ಇದೆಲ್ಲ ಶಿವಮೊಗ್ಗದವರು ನಮ್ಮ ಮನಸ್ಸಿಗೆ ನಾವೇ ಹೇಳಿಕೊಳ್ಳಬೇಕೆಂದು ಕಲಿಸಿದ್ದು.

ಗೋಡೆಯ ಆಚೆಯಿಂದ ಒಂದು ಕ್ಷೀಣ ದನಿ ಬಂತು. "ತಾಯೀ... ನನ್ನ ಎಮ್ಮೆ?"

ತಿರುಗಿ ನೋಡಬೇಕೆನಿಸಿತು. ಆದರೆ ಆಕಾಶ ಕಳಚಿ ಬಿದ್ದರೂ ಘೋಷಣೆ ನಿಲ್ಲಿಸಬಾರದಲ್ಲ. "ಬರುತ್ತದೆ!" ಎಂದು ಗರ್ಜಿಸಿದೆ.

"ಯಾವತ್ತು ಬರ್ತೈತವ್ವಾ?"

ನನಗೆ ಬಾಯಿಪಾಠವಾಗಿದ್ದ ಮುಂದಿನ ಸಾಲು "ಇಂದೇ! ಇಂದಿನ ದಿನವೇ ಜಯದ ದಿನ!" ಎಂಬುದು. ಅದನ್ನೇ ಹೇಳಿದೆ.

ಆ ಎಮ್ಮೆ ಪ್ರತಿ ಬೇಸಿಗೆಯಲ್ಲೂ ಹೇಳದೆ ಕೇಳದೆ ಕೆರೆಯ ಕೆಸರಿಗೆ ಹೋಗಿ ಬಿದ್ದುಕೊಂಡಿದ್ದು, ಬೇಸರವಾದ ಮೇಲೆ ತಾನಾಗಿಯೇ ಬರುತ್ತದೆ. ಈ ಸಲ ಅದಕ್ಕೆ ಅದೇ ಮಂಗಳವಾರ ಸಂಜೆ ಬೇಸರವಾಗಬೇಕೇ! ದೀಪ ಹಚ್ಚುವ ಹೊತ್ತಿಗೆ ಗಿಡ್ಡಮ್ಮ ತೆಂಗಿನಕಾಯಿ, ನಿಂಬೆಹಣ್ಣು, ಮತ್ತು ಅರ್ಧ ಬೀದಿಯ ಜನರೊಂದಿಗೆ ನಮ್ಮ ಬಾಗಿಲಿಗೆ ಬಂದಳು. ಬಂದವಳೇ ನನ್ನ ಕಾಲಿಗೆ ಬಿದ್ದಳು.

"ಏಳು ಗಿಡ್ಡಮ್ಮ, ಇದೇನಿದು? ನನ್ನ ಮೈಮೇಲೆ ಯಾವ ದೇವರೂ ಬಂದಿಲ್ಲ. ಅದು ಆತ್ಮವಿಶ್ವಾಸ."

"ಆತ್ಮವಿಶ್ವಾಸನಾ? ಆ ಹೆಸರು ನಾನು ಕೇಳಿಲ್ಲಲ್ಲಪ್ಪಾ. ಯಾವ ಕಡೆ ದೇವ್ರು ಅದು, ಘಟ್ಟದ ಕಡೇದಾ?"

"ದೇವರಲ್ಲಮ್ಮ. ಅದು ಮನುಷ್ಯನ ಒಳಗಿಂದ ಬರೋದು."

"ಹೂಂ ಮತ್ತೆ! ದೇವ್ರು ಒಳಗಿಂದ ಬರ್ದೆ ಬಸ್ಸಿನಾಗೆ ಬರ್ತೈತಾ?"

ಜನ ನಕ್ಕರು, ಆದರೆ ಭಕ್ತಿಯಿಂದ ನಕ್ಕರು. ನಾನು ಉಡಚಮ್ಮನ ಕಡೆ ನೋಡಿದೆ. ಅವಳು ಹೇಳಿದರೆ ಬೀದಿ ನಂಬುತ್ತಿತ್ತು. ಅವಳು ತುಟಿಪಿಟಿಕ್ಕೆನ್ನದೆ ತೆಂಗಿನಕಾಯಿಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಸುದ್ದಿ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಯಲ್ಲಿರುವ ನನ್ನ ಅತ್ತೆಯವರೆಗೆ ಹೋಯಿತು. ಅವರು ಮೊದಲ ಬಸ್ಸಿಗೇ ಬಂದಿಳಿದರು. ನನ್ನ ಅತ್ತೆಯ ಹೆಸರು ಅಂತರಘಟ್ಟಮ್ಮ, ಆ ಕಡೆಯ ದೊಡ್ಡ ದೇವತೆಯ ಹೆಸರು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇವಿನ ಮರವನ್ನು ಕೆಳಗಿಂದ ಮೇಲೆ ನೋಡಿ, ತೀರ್ಪು ಕೊಟ್ಟರು: "ಶಕ್ತಿ ಅಂದಮ್ಯಾಲೆ ಗಂಡು ದೇವ್ರಲ್ಲ. ಇವಳು ನಮ್ಮ ತಾಯಿ, ಅಂತರಘಟ್ಟಮ್ಮನೇ. ಮಗಳ ಹಿಂದೆ ನಮ್ಮೂರಿನ ಕಡೆಯಿಂದ ಬಂದಾಳೆ." ಅತ್ತೆ ಮನೆಯೊಳಗೆ ಬಂದದ್ದು ಸಾಲದೆಂದು, ಅತ್ತೆಯ ಹೆಸರಿನವಳು ಮೈಮೇಲೂ ಬಂದಂತಾಯಿತು. ಅಂದಿನಿಂದ ನಾನು ಉಳಿದ ದಿನಗಳಲ್ಲಿ ‘ಸ್ವಾಮಿ’, ಮಂಗಳವಾರ ಮತ್ತು ಶುಕ್ರವಾರ ಮೀಸೆಸಮೇತ ‘ತಾಯಿ’.

ಅತ್ತೆಯವರು ಬಂದ ದಿನವೇ ಮಡಿಯ ಕಟ್ಟುಪಾಡು ಜಾರಿಗೆ ಬಂತು.

"ಅಳಿಯಂದ್ರೇ, ಇನ್ಮ್ಯಾಲೆ ಮಂಗಳವಾರ ಶುಕ್ರವಾರ ಒಪ್ಪೊತ್ತು. ಈರುಳ್ಳಿ ಬೆಳ್ಳುಳ್ಳಿ ಮುಟ್ಟಂಗಿಲ್ಲ. ಹೊರಗಿನ ತಿಂಡಿ ಅಂತೂ ಮೂಸಂಗಿಲ್ಲ. ಮಲಗಾಕೆ ಪಡಸಾಲೆಯಾಗೆ ಚಾಪೆ. ಕಾಲಿಗೆ ಚಪ್ಪಲಿ ಬ್ಯಾಡ."

"ಅತ್ತೆ, ನನಗೆ ಹಸಿವು ತಡೆಯಾಕೆ ಆಗಲ್ಲ."

"ತಡೆಯೋದು ನೀವಲ್ಲ, ಅವಳು. ನೀವು ಸುಮ್ಕೆ ಕುಂತ್ಕಳ್ರಿ."

ಸಂಜೆ ಯಾರಿಗೂ ಕಾಣದಂತೆ ಬೋರಣ್ಣನ ಹೋಟೆಲಿನ ಹಿಂಬಾಗಿಲಿಗೆ ಹೋದೆ. ಬಾಣಲೆಯಲ್ಲಿ ಮೆಣಸಿನಕಾಯಿಗಳು ಕೆಂಪಗೆ ಉಬ್ಬಿ ತಿರುಗುತ್ತಿದ್ದವು. ಬೋರಣ್ಣ ನನ್ನನ್ನು ಕಂಡವನೇ ಜಾಲರಿ ಕೆಳಗಿಟ್ಟು ಕೈಮುಗಿದ.

"ಬೋರಣ್ಣಾ, ಒಂದೇ ಒಂದು ಪ್ಲೇಟು."

"ಸ್ವಾಮೀ, ಪರೀಕ್ಷೆ ಮಾಡಬ್ಯಾಡ್ರಿ. ನಿಮಗೆ ಈರುಳ್ಳಿ ಹಾಕಿದ್ದು ಕೊಟ್ಟು ನಾನ್ಯಾವ ನರಕಕ್ಕೆ ಹೋಗ್ಲಿ? ಹೆಂಡ್ತಿ ಮಕ್ಕಳು ಇರೋನು ನಾನು."

"ಈರುಳ್ಳಿ ಹಾಕದೆ ಕೊಡಪ್ಪ."

"ಎಣ್ಣೆ ಅದೇ ಅಲ್ವಾ ಸ್ವಾಮಿ?" ಎಂದು ಅವನು ಕಣ್ಣಲ್ಲಿ ನೀರು ತಂದುಕೊಂಡ. ನನ್ನ ಕಣ್ಣಲ್ಲೂ ನೀರು ಬಂತು, ಕಾರಣ ಬೇರೆ.

ನೋಡಿ ವಿಚಿತ್ರ. ನಾನಾಗಿ ಹಿಡಿಯಲಾರದ ಶಿಸ್ತನ್ನು ಊರಿಗೆ ಊರೇ ಸರದಿಯ ಮೇಲೆ ಹಿಡಿದುಕೊಂಡಿತ್ತು. ಬೀದಿಯಲ್ಲಿ ಬೀಡಿ ಸೇದುವವರು ನನ್ನನ್ನು ಕಂಡು ಬೀಡಿ ಬಿಸಾಡುತ್ತಿದ್ದರು, ಹಾಗಾಗಿ ನಾನೂ ಸೇದುವಂತಿರಲಿಲ್ಲ. ಬೆಳಗ್ಗೆ ಏಳದೆ ಮಲಗೋಣವೆಂದರೆ ಹಿತ್ತಲಲ್ಲಿ ಆಗಲೇ ಜನ. ಸಫಾರಿ ಸೂಟಿನವರು ಹೇಳಿದ ಎಲ್ಲವನ್ನೂ ನಾನು ಅಕ್ಷರಶಃ ಪಾಲಿಸುತ್ತಿದ್ದೆ, ಬೇರೆ ದಾರಿ ಇರಲಿಲ್ಲ.

ಬಂದವರಿಗೆ ನಾನು ಹೇಳುತ್ತಿದ್ದದ್ದೇನು? ಅದೇ ಶಿವಮೊಗ್ಗದ ಭಾಷಣ. "ಹೆದರಬೇಡ! ನಿನ್ನಿಂದ ಆಗುತ್ತದೆ! ಬೆಳಗಿನ ಜಾವ ಏಳು!" ಒಬ್ಬ ಅಜ್ಜ ತಾಯಿ ಹೇಳಿದಳೆಂದು ಬೆಳಗಿನ ಜಾವ ಎದ್ದು ಹಿತ್ತಲಿಗೆ ಹೋದರೆ, ಅವನ ನುಗ್ಗೆಕಾಯಿ ಕೀಳುತ್ತಿದ್ದ ಕಳ್ಳ ಸಿಕ್ಕಿಬಿದ್ದ. ಕಳ್ಳ ಸ್ವಂತ ಅಳಿಯನೇ ಆಗಿದ್ದದ್ದು ಬೇರೆ ಮಾತು. ಅಲ್ಲಿಂದ ಮುಂದೆ ಹೊನ್ನಾಳಿ ಕಡೆಯಿಂದಲೂ ಜನ ಬರತೊಡಗಿದರು. ಮನೆಯಲ್ಲಿ ತೆಂಗಿನಕಾಯಿ ರಾಶಿ ಬಿತ್ತು. ಕಾಯಿ ಚಟ್ನಿ, ಕಾಯಿ ಸಾರು, ಕಾಯಿ ಕಡುಬು, ಕಾಯಿ ಹೋಳಿಗೆ. ಉಡಚಮ್ಮ ತಲೆಗೆ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿಕೊಳ್ಳತೊಡಗಿದಳು.

ಒಂದು ವಿಷಯ ಮಾತ್ರ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ಮೈಮೇಲೆ ದೇವರು ಬರುವ ಗಂಡನೊಡನೆ ವಾದಿಸಬಾರದೆಂದು ಅತ್ತೆಯವರು ಮಗಳಿಗೆ ಹೇಳಿಬಿಟ್ಟಿದ್ದರು. ನಾನು ಉಪ್ಪಿಲ್ಲ ಎಂದರೆ ಉಡಚಮ್ಮ ಸುಮ್ಮನೆ ಉಪ್ಪು ತಂದಿಡುತ್ತಿದ್ದಳು. "ನಾಲಿಗೆ ಸತ್ತೋಗೈತೆ ನಿಮ್ದು, ಉಪ್ಪು ಸರಿಯಾಗೇ ಐತೆ" ಎನ್ನುತ್ತಿರಲಿಲ್ಲ. ಮನೆಯಲ್ಲಿ ಇಷ್ಟು ಶಾಂತಿ ಇದ್ದರೆ ಮನುಷ್ಯ ಬದುಕುವುದು ಹೇಗೆ? ಅವಳ ಬೈಗುಳವಿಲ್ಲದೆ ನನಗೆ ಅನ್ನ ರುಚಿಸಲಿಲ್ಲ. (ಈರುಳ್ಳಿಯೂ ಇರಲಿಲ್ಲ ಎಂಬುದು ನಿಜ.)

ಆದರೆ ಸಂಘದಲ್ಲಿ ನನ್ನ ಗ್ರಹಗತಿ ಏರುತ್ತಿತ್ತು. ಕಲ್ಲೇಶಪ್ಪನವರ ಹೆಂಡತಿ ಎರಡು ಶುಕ್ರವಾರ ಬಂದು ಹೋಗಿದ್ದರು. ಈಗ ನಾನು ಗಂಟಲು ಸರಿಪಡಿಸಿಕೊಂಡರೆ ಪಕ್ಕದ ಕೋಣೆಯಲ್ಲಿ ಕಲ್ಲೇಶಪ್ಪನವರು ಎದ್ದು ನಿಂತ ಸದ್ದು ಕೇಳಿಸುತ್ತಿತ್ತು. ನನ್ನ ದನಿ ದಪ್ಪಗಾಗಿತ್ತು, ಬೆನ್ನು ನೆಟ್ಟಗಾಗಿತ್ತು. ಕನ್ನಡಿಯಲ್ಲಿ ನೋಡಿದರೆ ನನಗೇ ನನ್ನ ಮೇಲೆ ಸ್ವಲ್ಪ ಭಯಭಕ್ತಿ ಹುಟ್ಟುತ್ತಿತ್ತು. ಕೊನೆಗೂ ಬಂತು ಎಂದುಕೊಂಡೆ, ಆತ್ಮವಿಶ್ವಾಸ!

ಮಂಡಳಿಯ ಸಭೆ ಒಂದು ಮಂಗಳವಾರ ಗೊತ್ತಾಯಿತು. ಅತ್ತೆಯವರು ನನ್ನ ಹಣೆಗೆ ಕುಂಕುಮ ಬಳಿದು, ಜೇಬಿನಲ್ಲಿ ಒಂದು ನಿಂಬೆಹಣ್ಣು ಇಟ್ಟು ಕಳಿಸಿದರು. ಉಡಚಮ್ಮ ಬಾಗಿಲವರೆಗೆ ಬಂದು, ಬಹಳ ದಿನಗಳ ಮೇಲೆ ಒಂದು ಮಾತು ಆಡಿದಳು. "ರೀ, ನೆಟ್ಟಗೆ ಮಾತಾಡ್ರಿ. ನಲ್ಲಿ ನೆಪ್ಪಿರ್ಲಿ."

ಸಭೆ ಗೋದಾಮಿನ ಪಕ್ಕದ ಕೋಣೆಯಲ್ಲಿ, ಯೂರಿಯಾ ವಾಸನೆಯ ನಡುವೆ. ಹೊರಗಿನ ಬೆಂಚಿನ ಮೇಲೆ ಗಾದ್ರಪ್ಪ ಟವೆಲು ಹಿಂಡುತ್ತಾ ಕುಳಿತಿದ್ದ. ಅವನ ಸರದಿ ಆಗಲೇ ಮುಗಿದಿತ್ತು.

"ಏನು ಕೇಳಿದರಪ್ಪ?"

"ಏನು ಕೇಳಿದ್ರೋ ಗೊತ್ತಿಲ್ಲ ಅಣ್ಣಾರೆ. ಕಲ್ಲೇಶಪ್ಪನೋರು ಬಾಯಿ ತೆಗೆದ ಕೂಡ್ಲೆ ನಂಗೆ ಕಿವಿ ಗುಂಯ್ ಅಂತು. ಆ ಕೆಲಸ ನೀವೇ ಮಾಡ್ರಿ, ನಂಗೆ ಬ್ಯಾಡವೇ ಬ್ಯಾಡ."

ಅವನ ಬೆನ್ನು ತಟ್ಟಿ ಒಳಗೆ ಹೋದೆ. ಕಿಟಕಿಯ ಹೊರಗೆ ಗಿಡ್ಡಮ್ಮ, ಅತ್ತೆ, ಅವರ ಹಿಂದೆ ಉಡಚಮ್ಮ, ಮತ್ತು ಮಂಗಳವಾರದ ಭಕ್ತಾದಿಗಳು ಆಗಲೇ ಜಮಾಯಿಸಿದ್ದರು. ನಾನು ಕಲ್ಲೇಶಪ್ಪನವರ ಕಣ್ಣಲ್ಲಿ ಕಣ್ಣಿಟ್ಟು, ಮೇಜಿನ ಮೇಲೆ ಕೈಯೂರಿ ಹೇಳಿದೆ: "ಅಧ್ಯಕ್ಷರೇ, ಈ ಸಂಘವನ್ನು ನಡೆಸುವ ಶಕ್ತಿ ನನಗಿದೆ!"

ಬದುಕಿನಲ್ಲಿ ಮೊದಲ ಬಾರಿಗೆ ಉತ್ತರ ಗಂಟಲು ದಾಟಿ ಹೊರಗೆ ಬಂದಿತ್ತು. ಆದರೆ ಅದನ್ನು ಅನುಭವಿಸಲು ಸಮಯವೇ ಸಿಗಲಿಲ್ಲ. ‘ಶಕ್ತಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ಕಿಟಕಿಯಿಂದ "ಉಧೋ ಉಧೋ!" ಎಂದು ಗಿಡ್ಡಮ್ಮನ ಕೂಗು ಎದ್ದಿತು. ನಿರ್ದೇಶಕರೆಲ್ಲ ದಡಬಡಿಸಿ ಎದ್ದು ಕೈಮುಗಿದರು. ಯಾರೋ ಒಬ್ಬರು ಗೊಬ್ಬರ ತೂಗುವ ತಕ್ಕಡಿಯ ಕಲ್ಲಿನ ಮೇಲೆ ತೆಂಗಿನಕಾಯಿ ಒಡೆದೇಬಿಟ್ಟರು.

ಕಲ್ಲೇಶಪ್ಪನವರು ತಮ್ಮ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದರು. "ತಾಯೀ, ಒಳ್ಳೆ ಹೊತ್ತಿಗೆ ಬಂದೆ. ನಾವು ಹುಲುಮಾನವರು ಪ್ರಶ್ನೆ ಕೇಳಿ ಏನು ತಿಳ್ಕಂತೀವಿ? ಈ ಮ್ಯಾನೇಜರ್ ಕೆಲಸ ಓಂಕಾರಪ್ಪಂಗೆ ಕೊಡೋದೋ, ಗಾದ್ರಪ್ಪಂಗೆ ಕೊಡೋದೋ, ನಿನ್ನ ಬಾಯಿಂದಲೇ ಅಪ್ಪಣೆ ಆಗ್ಲಿ."

ಕಿಟಕಿಯಲ್ಲಿ ಉಡಚಮ್ಮನ ಮುಖ ಕಾಣುತ್ತಿತ್ತು. ನಾಲ್ಕಕ್ಷರದ ಒಂದು ಹೆಸರು ಹೇಳಿದರೆ ನಲ್ಲಿ ನಮ್ಮದು. ದಿನವೂ ಬೇವಿನ ಮರದ ಮುಂದೆ ‘ನಾನು, ನಾನು’ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದದ್ದು ಆ ಹೆಸರಿನವನ ಬಗ್ಗೆಯೇ. ಹೇಳಬೇಕೆಂದು ಬಾಯಿ ತೆರೆದೆ. ಆಗ ಒಂದು ಯೋಚನೆ ಬಂತು. ನಮ್ಮ ಕಡೆ ಯಾವ ದೇವರಾದರೂ ತಾನು ಮೈಮೇಲೆ ಬಂದವನಿಗೇ ನೌಕರಿ ಕೇಳಿದ್ದುಂಟೇ? ದೇವರು ಊರಿಗೆ ಮಳೆ ಕೇಳುತ್ತದೆ, ಕುರಿ ಕೋಳಿ ಕೇಳುತ್ತದೆ. ‘ಈ ನನ್ನ ಓಂಕಾರಪ್ಪನಿಗೆ ಹೆಂಚಿನ ಮನೆ ಕೊಡಿ’ ಎಂದರೆ ಈ ಜನ ಏನೆಂದುಕೊಂಡಾರು? ‘ಇದೆಲ್ಲ ಕುರ್ಚಿಗೆ ಕಟ್ಟಿದ ವೇಷ’ ಎನ್ನಲಾರರೇ? ಕಲ್ಲೇಶಪ್ಪನವರು ನಕ್ಕುಬಿಟ್ಟರೆ? ಗಿಡ್ಡಮ್ಮ ನಾಳೆಯಿಂದ ಹಾಲು ನಿಲ್ಲಿಸಿದರೆ? ಕಲ್ಲೇಶಪ್ಪನವರ ಮೀಸೆ ನನ್ನ ಕಣ್ಣೆದುರಿಗೆ ದೊಡ್ಡದಾಗುತ್ತಾ ಬಂತು. ಬೆವರಿದೆ. ನಡುಗಿದೆ. (ಅದಕ್ಕೂ ಅವರು ಉಧೋ ಎಂದರು.)

"ಗಾದ್ರಪ್ಪ!" ಎಂದೆ.

ಹೊರಗೆ ಬೆಂಚಿನಿಂದ ಏನೋ ದೊಪ್ಪನೆ ಬಿದ್ದ ಸದ್ದಾಯಿತು. ಗಾದ್ರಪ್ಪ ಮೂರ್ಛೆ ಹೋಗಿದ್ದ.

ಸಭೆ ಮುಗಿದ ಮೇಲೆ ಕಲ್ಲೇಶಪ್ಪನವರು ನನ್ನನ್ನು ಗೋದಾಮಿನ ಮೂಲೆಗೆ ಕರೆದು, ದನಿ ತಗ್ಗಿಸಿ ಕೇಳಿದರು. "ಇದೇನ್ರೀ ಓಂಕಾರಪ್ಪ, ಹಿಂಗಾತು? ನಾವೆಲ್ಲ ನಿನ್ನೆನೇ ಕೂತು ನಿಮಗೇ ಕೊಡೋದು ಅಂತ ಒಪ್ಪಿದ್ವಿ. ತಾಯಿ ಬಾಯಿಂದನೂ ಒಂದು ಮಾತು ಬಂದ್ರೆ ಚೆಂದ ಅಂತ, ಶಾಸ್ತ್ರಕ್ಕೆ ಕೇಳಿದ್ದು. ತಾಯಿ ತನ್ನ ಮಗನ ಹೆಸರು ಹೇಳಿದ್ರೆ ಬ್ಯಾಡ ಅನ್ನೋರು ಯಾರಿದ್ರು?"

ನಾನು ಅವರ ಕೈ ಹಿಡಿದುಕೊಂಡೆ. "ಅಧ್ಯಕ್ಷರೇ, ಈಗಲೂ ಬದಲಾಯಿಸಬಹುದಲ್ಲ? ನಾನು ಓಂಕಾರಪ್ಪನಾಗಿ ಹೇಳ್ತಿದೀನಿ..."

"ಛೆ ಛೆ, ತಾಯಿ ಮಾತು ಮೀರಾಕೆ ನೀವ್ಯಾರು, ನಾನ್ಯಾರು?" ಎಂದು ಅವರು ಕೆನ್ನೆ ಕೆನ್ನೆ ಬಡಿದುಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ಉಡಚಮ್ಮ ನನ್ನ ಮುಂದೆ ಮುಂದೆ ನಡೆಯುತ್ತಿದ್ದಳು. ಬೋರ್‌ವೆಲ್ಲಿನ ಹತ್ತಿರ ಬಂದಾಗ ನಿಂತು ತಿರುಗಿದಳು. ಅತ್ತೆಯವರು ಹಿಂದೆ ಉಳಿದಿದ್ದರು.

"ಅಲ್ಲರೀ, ಇಷ್ಟು ದಿನ ಹಿತ್ತಲಾಗೆ ಕೂಗಿದ್ರಲ್ಲ, ಆ ಬೇವಿನ ಮರ ಆಗಿದ್ರೂ ತನ್ನ ಹೆಸರು ತಾನು ಹೇಳ್ತಿತ್ತು!"

"ತಾಯಿ ಅಪ್ಪಣೆ ಕಣೇ, ನಾನೇನು ಮಾಡ್ಲಿ?"

"ಯಾವ ತಾಯಿ? ನಿಮ್ಮ ಮೈಮೇಲೆ ಏನೂ ಬಂದಿಲ್ಲ ಅಂತ ನಂಗೆ ಗೊತ್ತಿಲ್ಲೇನ್ರೀ? ಮೊಳೆಗೆ ಕನ್ನಡಿ ನೇತಾಕಿದ್ದು ನಾನು ನೋಡಿಲ್ವಾ? ದೇವ್ರು ಬರೋ ಮೈನಾ ಅದು? ದೇವ್ರು ಬರದಿದ್ರೂ ನಲ್ಲಿ ಬರ್ಲಿ ಅಂತ ಬಾಯಿ ಮುಚ್ಕಂಡಿದ್ದೆ. ಸುಳ್ಳು ದೇವ್ರು ಆಗಾಕೆ ಧೈರ್ಯ ಐತೆ, ಸುಳ್ಳು ದೇವ್ರಾಗಿ ಒಂದು ಉಪಕಾರ ಮಾಡ್ಕಳಾಕೆ ಧೈರ್ಯ ಇಲ್ಲ. ಎಂಥಾ ಗಂಡಸ್ರೀ ನೀವು!"

ಅಷ್ಟು ದಿನಗಳ ಮೇಲೆ ಅವಳು ಬಾಯಿತುಂಬ ಬೈದದ್ದು. ನನ್ನ ಕಣ್ಣು ತುಂಬಿ ಬಂತು. ಅವಳ ಕಣ್ಣೂ ತುಂಬಿತ್ತು, ಸೊಂಟಕ್ಕೆ ಕೈ ಒತ್ತಿಕೊಂಡಿದ್ದಳು. ಆ ಸಂಜೆ ಎರಡೂ ಕೊಡ ನೀರು ನಾನೇ ಹೊತ್ತು ತಂದೆ. ದಾರಿಯುದ್ದಕ್ಕೂ ಜನ ಕೈಮುಗಿದರು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಊರಿನಲ್ಲಿ ತಾಯಿಯ ಕೀರ್ತಿ ಮೊದಲಿಗಿಂತ ದುಪ್ಪಟ್ಟಾಯಿತು. ‘ತಾನು ನಿಂತ ಮೈಗೂ ಪಕ್ಷಪಾತ ಮಾಡದ ತಾಯಿ’ ಎಂದು ಮಾತಾಯಿತು. ಆ ಶುಕ್ರವಾರ ಬೆಳಗ್ಗೆ ಸಾಲು ನಮ್ಮ ಹಿತ್ತಲಿನಿಂದ ಬೀದಿಯ ತಿರುವಿನವರೆಗೆ ಹೋಗಿತ್ತು. ಸಾಲಿನ ಮೊಟ್ಟಮೊದಲಿಗೆ, ತೆಂಗಿನಕಾಯಿ ಹಿಡಿದು ನಿಂತವನು ಗಾದ್ರಪ್ಪ.

"ತಾಯೀ, ಕುರ್ಚಿ ಕೊಟ್ಟೆ, ಅದರಾಗೆ ಕುಂದ್ರಾಕೆ ಧೈರ್ಯ ಕೊಡಲಿಲ್ಲ. ಆಫೀಸ್ನಾಗೆ ನಂಗಿಂತ ದೊಡ್ಡೋರು ಒಬ್ರು ಅದಾರೆ. ಅವರಿಗೆ ಏನಾರ ಹೇಳಾಕೆ ಹೋದ್ರೆ ನಾಲಿಗೆ ಒಣಗ್ತೈತೆ."

ಆಫೀಸಿನಲ್ಲಿ ಅವನಿಗಿಂತ ವಯಸ್ಸಿನಲ್ಲಿ ದೊಡ್ಡವನೆಂದರೆ ನಾನೊಬ್ಬನೇ. ಆದರೆ ಮಂತ್ರಿಯಂತೆ ಪಕ್ಕದಲ್ಲಿ ಅತ್ತೆ ನಿಂತಿದ್ದರು, ಗೋಡೆಯ ಮೇಲೆ ಗಿಡ್ಡಮ್ಮನ ತಲೆ ಇತ್ತು, ಹಿಂದೆ ಅಷ್ಟುದ್ದದ ಸಾಲು. ಜೊತೆಗೆ ಆ ಪಾಪದವನು ತೆಂಗಿನಕಾಯಿಯನ್ನು ಎದೆಗವಚಿಕೊಂಡು ನಿಂತದ್ದನ್ನು ನೋಡಿ ನನಗೆ ನನ್ನನ್ನೇ ಕಂಡಂತಾಯಿತು. ನನ್ನಲ್ಲಿದ್ದ ಶಿವಮೊಗ್ಗದ ಸರಕನ್ನೆಲ್ಲ ಅವನಿಗೆ ಧಾರೆಯೆರೆದೆ. "ಹೆದರಬೇಡ! ನೀನೇ ಶಕ್ತಿ! ದೊಡ್ಡವರಿರಲಿ, ಚಿಕ್ಕವರಿರಲಿ, ಯಾರ ಮುಖವನ್ನೂ ನೋಡಬೇಡ! ಹೇಳುವುದನ್ನು ಕಣ್ಣಲ್ಲಿ ಕಣ್ಣಿಟ್ಟು ಹೇಳು! ಇಂದೇ ಹೇಳು!" ಗಾದ್ರಪ್ಪ ಕಣ್ಣೊರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ.

ಉಳಿದವರಿಗೆಲ್ಲ ಅಪ್ಪಣೆ ಕೊಟ್ಟು ಮುಗಿಸುವ ಹೊತ್ತಿಗೆ ಬಿಸಿಲೇರಿತ್ತು. ಒಪ್ಪೊತ್ತಿನ ಹೊಟ್ಟೆ, ಬರಿಗಾಲು. ಓಡುತ್ತಾ ಸಂಘಕ್ಕೆ ಹೋದೆ. ಮ್ಯಾನೇಜರ್ ಕುರ್ಚಿಯಲ್ಲಿ ಗಾದ್ರಪ್ಪ ಕುಳಿತಿದ್ದ. ಅವನು ಎದ್ದು ನಿಲ್ಲಲಿಲ್ಲ. ಒಮ್ಮೆ ಉಸಿರೆಳೆದುಕೊಂಡು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಇಡೀ ಸಂಘಕ್ಕೆ ಕೇಳುವಂತೆ ಗರ್ಜಿಸಿದ.

"ಓಂಕಾರಪ್ಪ! ಇದೇನು ಆಫೀಸೋ, ಅತ್ತೆ ಮನೆಯೋ? ಎಷ್ಟೊತ್ತಿಗ್ರೀ ಬರೋದು? ಇವತ್ತು ಅರ್ಧ ದಿನ ರಜಾ ಅಂತ ಬರೀತೀನಿ. ಮನುಷ್ಯ ಅಂದಮ್ಯಾಲೆ ಸ್ವಲ್ಪನಾದ್ರೂ ಶಿಸ್ತು ಇರಬೇಕು!"

ಸಂಜೆ ಉಡಚಮ್ಮ ಕೇಳಿದಳು. "ಹೊಸ ಮ್ಯಾನೇಜರು ಹೆಂಗದಾರ್ರೀ? ಪಾಪದೋನು, ನಿಮಗೆ ಏನೂ ಅನ್ನಲ್ಲ ಅಲ್ವಾ?"

"ಬಹಳ ಧೈರ್ಯವಂತ," ಎಂದೆ. "ತಾಯಿ ಆಶೀರ್ವಾದ ಚೆನ್ನಾಗಿ ಹತ್ತೈತೆ."